ಮಲೆನಾಡಿನಲ್ಲಿ ಜಪಾನಿ ಸ್ಪೋರ್ಟ್ಸ್ ಕೂಪೆ: ದಿನಾ ಓಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಎರಡೇ ಸೀಟು, ನೆಲಕ್ಕೆ ತಾಗುವಷ್ಟು ತಗ್ಗಿದ ಮೈ, 3.7 ಲೀಟರ್‌ನ ವಿ6 ಎಂಜಿನ್. ಇಂಥ ಗಾಡಿಯನ್ನು ಶಿವಮೊಗ್ಗದಲ್ಲಿ ದಿನಾ ಓಡಿಸೋಕೆ ಆಗುತ್ತಾ ಅಂತ ಕೇಳುವವರು ಬಹಳ ಜನ. ಆಗುತ್ತದೆ. ಅಷ್ಟೇ ಅಲ್ಲ, ನಮ್ಮ ಕಡೆ ಈ ಗಾಡಿಗಳು ಓಡಿಸಿ ಹಾಳಾಗುವುದಕ್ಕಿಂತ ನಿಲ್ಲಿಸಿ ಹಾಳಾಗುವುದೇ ಜಾಸ್ತಿ. ಜೂನ್‌ನಲ್ಲಿ ಹೊದಿಕೆ ಹಾಕಿ ನಿಲ್ಲಿಸಿ, ದೀಪಾವಳಿಗೆ ತೆಗೆದು ನೋಡಿದರೆ ಸೀಟಿಗೆ ಬೂಷ್ಟು, ಬ್ರೇಕಿಗೆ ತುಕ್ಕು, ಬಾನೆಟ್ ಒಳಗೆ ಇಲಿ ಸಂಸಾರ. ಹಾಗಾಗಿ ಓಡಿಸಿ. ಆದರೆ ತಯಾರಿ ಮಾಡಿಕೊಂಡು ಓಡಿಸಿ.

ಇಲ್ಲಿ ಉದಾಹರಣೆಗೆ ನಿಸ್ಸಾನ್ 370ಝಡ್ ಇಟ್ಟುಕೊಂಡಿದ್ದೇನೆ. ಜಪಾನಿನಲ್ಲಿ ಇದರ ಹೆಸರು ಫೇರ್‌ಲೇಡಿ ಝಡ್. ನಿಮ್ಮದು ಬೇರೆ ಕೂಪೆಯಾದರೆ ಅಳತೆಗಳನ್ನು ಮಾತ್ರ ಬದಲಿಸಿಕೊಳ್ಳಿ. ರಸ್ತೆ, ಮಳೆ, ಇಲಿ ಎಲ್ಲರಿಗೂ ಒಂದೇ.

ಹಂತ 1: ಗಾಡಿಗಿಂತ ಮೊದಲು ಕಾಗದ ನೋಡಿ

ಇಂಥ ಗಾಡಿಗಳು ಭಾರತಕ್ಕೆ ಬಂದಿದ್ದು ಎರಡು ದಾರಿಯಲ್ಲಿ. ಕಂಪನಿಯೇ ಪೂರ್ತಿ ತಯಾರಾದ ಗಾಡಿ ತರಿಸಿ ಷೋರೂಮಿನಲ್ಲಿ ಮಾರಿದ್ದು ಒಂದು. 370ಝಡ್ ಹೀಗೆ 2010ರ ಸುಮಾರಿಗೆ ಬಂತು, ನಿಸ್ಸಾನ್‌ನದೇ ಇನ್ನೊಂದು ಗಾಡಿ ಜಿಟಿ-ಆರ್ 2016ರ ಕೊನೆಗೆ ಬಂತು. ಇನ್ನೊಂದು, ಖಾಸಗಿಯವರು ತರಿಸಿಕೊಂಡಿದ್ದು. ಮೊದಲ ಬಗೆಯದು ಸಿಕ್ಕರೆ ತಲೆನೋವು ಅರ್ಧ ಕಡಿಮೆ.

ಖಾಸಗಿಯಾಗಿ ಬಂದ ಗಾಡಿಯಾದರೆ ಕಸ್ಟಮ್ಸ್‌ನ ಆಮದು ದಾಖಲೆ, ಅಂದರೆ ಬಿಲ್ ಆಫ್ ಎಂಟ್ರಿ ಕೇಳಿ. ಅದರಲ್ಲಿರುವ ಚಾಸಿ ನಂಬರ್, ಆರ್‌ಸಿಯಲ್ಲಿರುವುದು, ಗಾಡಿಯ ಮೇಲೆ ಕೊರೆದಿರುವುದು, ಮೂರೂ ಒಂದೇ ಆಗಿರಬೇಕು. ಜಪಾನಿನ ಒಳಮಾರುಕಟ್ಟೆಗೆ ಮಾಡಿದ ಗಾಡಿಯಲ್ಲಿ 17 ಅಕ್ಷರದ ನಂಬರ್ ಇರುವುದಿಲ್ಲ. 370ಝಡ್ ಆದರೆ ಝಡ್34 ಅಂತ ಶುರುವಾಗುವ ಚಿಕ್ಕ ನಂಬರ್ ಇರುತ್ತದೆ. ಅದನ್ನು ನೋಡಿ ಗಾಬರಿ ಬೇಡ. ಆದರೆ ಅದೇ ನಂಬರ್ ಕಾಗದದಲ್ಲೂ ಇರಬೇಕು.

ಇಪ್ಪತ್ತು ವರ್ಷ ಹಳೆಯ ಸುಪ್ರಾನೋ ಆರ್‌ಎಕ್ಸ್-7 ಗಾಡಿಯನ್ನೋ ಈಗ ಜಪಾನಿನಿಂದ ತರಿಸಿಕೊಡ್ತೀನಿ ಅಂತ ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಬಳಸಿದ ಕಾರು ಆಮದಾಗಬೇಕಾದರೆ ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು ಆಪರೇಷನ್ ನುಮ್‌ಖೋರ್ ಅಂತ ನಡೆಸಿ, ಭೂತಾನ್ ಕಡೆಯಿಂದ ಕಳ್ಳದಾರಿಯಲ್ಲಿ ಬಂದವೆಂಬ ಅನುಮಾನದ ಮೇಲೆ ಗಾಡಿಗಳನ್ನು ಹಿಡಿದರು. ಅಂಥ ಗಾಡಿ ಕೈಗೆ ಬಂದರೆ ದುಡ್ಡೂ ಹೋಯ್ತು, ಗಾಡಿಯೂ ಹೋಯ್ತು.

ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತನ್ನಿ, ಇಲ್ಲಿ ಫಾರಂ 27 ಕೊಡಿ. ಹೆಸರು ಬದಲಾವಣೆಗೆ 29 ಮತ್ತು 30. ಶಿವಮೊಗ್ಗದ್ದು ಕೆಎ-14, ಸಾಗರದ್ದು ಕೆಎ-15. ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಒಂದು. ಹಳೆಯ ಗಾಡಿಗೆ ವಯಸ್ಸಿನ ಮೇಲೆ ಇಳಿಕೆ ಇದೆ, ಆದರೂ ವ್ಯಾಪಾರ ಕುದುರಿಸುವ ಮೊದಲೇ ಆ ಮೊತ್ತ ಲೆಕ್ಕ ಹಾಕಿಸಿಕೊಳ್ಳಿ. 2010–11ರ ಗಾಡಿಗೆ ಹದಿನೈದು ವರ್ಷ ತುಂಬಿರುತ್ತದೆ. ಫಾರಂ 25 ಕೊಟ್ಟು ನೋಂದಣಿ ನವೀಕರಿಸಬೇಕು. ಇನ್ಸ್‌ಪೆಕ್ಟರ್ ಗಾಡಿ ನೋಡುತ್ತಾರೆ, ಪಾಸಾದರೆ ಐದು ವರ್ಷ.

ಹಿಂದಿನ ಮಾಲೀಕರು ಎಕ್ಸಾಸ್ಟ್, ಸ್ಪ್ರಿಂಗ್ ಎಲ್ಲ ಬದಲಿಸಿದ್ದರೆ ಮೂಲ ಸಾಮಾನನ್ನೂ ಕೇಳಿ ಪಡೆಯಿರಿ. ಕಂಪನಿ ಕೊಟ್ಟ ರೂಪ ಬದಲಿಸುವುದರ ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿ ಹೇಳಿದೆ. ಅದಕ್ಕಿಂತ ಮುಖ್ಯ, ತಗ್ಗಿಸಿದ ಸ್ಪ್ರಿಂಗ್ ಹಾಕಿದ ಗಾಡಿ ನಮ್ಮ ಊರಿನ ಒಂದು ಹಂಪ್ಸೂ ದಾಟಲ್ಲ.

ಹಂತ 2: ನಿಮ್ಮ ದಾರಿಯನ್ನು ಅಳೆಯಿರಿ

ಗಾಡಿ ಕೊಳ್ಳುವ ಮೊದಲೇ ಮಾಡಬೇಕಾದ ಕೆಲಸ ಇದು. 370ಝಡ್‌ನ ಹೊಟ್ಟೆ ನೆಲದಿಂದ ಸುಮಾರು 12 ಸೆಂ.ಮೀ. ಮೇಲಿದೆ. ಮಾಮೂಲಿ ಸಣ್ಣ ಕಾರುಗಳದ್ದು 16–17. ಈ ನಾಲ್ಕೈದು ಸೆಂಟಿಮೀಟರ್ ನಿಮ್ಮ ದಿನಚರಿಯನ್ನೇ ಬದಲಿಸುತ್ತದೆ.

ಮೊದಲು ಒಂದು ಅಳತೆಗೋಲು ಮಾಡಿಕೊಳ್ಳಿ. ಒಣಗಿದ ಅಡಿಕೆ ದಬ್ಬೆ ಸಾಕು, ಮೊಣಕಾಲಿನಷ್ಟು ಉದ್ದ. ಗಾಡಿಯನ್ನು ಸಮತಟ್ಟಾದ ಗಚ್ಚಿನ ಮೇಲೆ ನಿಲ್ಲಿಸಿ, ಒಳಗೆ ಇಬ್ಬರು ಕೂತುಕೊಳ್ಳಲಿ, ಟ್ಯಾಂಕ್ ತುಂಬಿರಲಿ. ದಬ್ಬೆಯನ್ನು ನೆಟ್ಟಗೆ ಹಿಡಿದು ಮೂರು ಕಡೆ ಮಾರ್ಕರ್‌ನಲ್ಲಿ ಗೀಟು ಹಾಕಿ: ಮುಂದಿನ ಬಂಪರಿನ ತುಟಿ, ಎರಡು ಚಕ್ರಗಳ ನಡುವಿನ ಎಲ್ಲಕ್ಕಿಂತ ತಗ್ಗಿನ ಜಾಗ, ಹಿಂದೆ ಎಕ್ಸಾಸ್ಟ್. ಗೀಟಿನ ಪಕ್ಕ ಮುಂದೆ, ನಡು, ಹಿಂದೆ ಅಂತ ಬರೆಯಿರಿ. ದಬ್ಬೆ ಡಿಕ್ಕಿಯಲ್ಲೇ ಇರಲಿ. ಹೊಸ ಊರಿನ ಹಂಪ್ಸೋ ತೋಟದ ದಾರಿಯ ಕಲ್ಲೋ ಎದುರಾದರೆ ಇಳಿದು ಪಕ್ಕದಲ್ಲಿ ಹಿಡಿದು ನೋಡಿ. ಪೇಟೆಯಲ್ಲಿ ಹೀಗೆ ಮಾಡಿದರೆ ಜನ ನಗುತ್ತಾರೆ. ನಗಲಿ ಬಿಡಿ.

ಈಗ ಹಂಪ್ಸ್ ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಕಟ್ಟಿದ ಹಂಪ್ಸ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. 370ಝಡ್‌ನ ಮುಂದಿನ ಹಿಂದಿನ ಚಕ್ರಗಳ ನಡುವೆ 2.55 ಮೀಟರ್. ಎರಡೂ ಚಕ್ರ ಕಮಾನಿನ ಮೇಲಿದ್ದಾಗ ಹೊಟ್ಟೆಯ ಕೆಳಗೆ ಹಂಪ್ಸ್ ಉಬ್ಬಿ ಬರುವುದು ಹತ್ತಿರ ಹತ್ತಿರ 5 ಸೆಂ.ಮೀ. ಅಷ್ಟೆ. ಅಂದರೆ ಇನ್ನೂ 7 ಸೆಂ.ಮೀ. ಉಳಿಯುತ್ತದೆ, ಆರಾಮಾಗಿ ದಾಟಬಹುದು. ತೊಂದರೆ ಕೊಡುವುದು ನಿಯಮದ ಹಂಪ್ಸ್ ಅಲ್ಲ. ಒಂದು ಆಕ್ಸಿಡೆಂಟ್ ಆದ ಮಾರನೇ ದಿನ ಊರವರೇ ಸಿಮೆಂಟ್ ಸುರಿದು ಕಟ್ಟಿದ, ಎರಡು ಅಡಿ ಅಗಲದ, ಗೇಣುದ್ದ ಎತ್ತರದ ದಿಬ್ಬ. ಅದರ ಮೇಲೆ ಯಾವ ಚಕ್ರವೂ ಇಲ್ಲದಿರುವಾಗ ಪೂರ್ತಿ ಎತ್ತರ ಹೊಟ್ಟೆಗೆ ಬರುತ್ತದೆ.

ಅಂಥದ್ದನ್ನು ಓರೆಯಾಗಿ ದಾಟಬೇಕು. ಒಂದು ಮುಂದಿನ ಚಕ್ರ ಮೊದಲು ಹತ್ತಲಿ, ಆಮೇಲೆ ಇನ್ನೊಂದು. ಯಾವಾಗಲೂ ಒಂದಾದರೂ ಚಕ್ರ ದಿಬ್ಬದ ಮೇಲೋ ಅಂಚಿನಲ್ಲೋ ಇದ್ದರೆ ಹೊಟ್ಟೆ ಮೇಲಕ್ಕೆ ಎತ್ತಿಕೊಳ್ಳುತ್ತದೆ. ಹಿಂದೆ ಮುಂದೆ ಬೈಕಿನವರು ಇಲ್ಲದಾಗ ಮಾತ್ರ ಇದನ್ನು ಮಾಡಿ, ನೀವು ಓರೆಯಾದ ತಕ್ಷಣ ಸಂದಿಯಲ್ಲಿ ನುಗ್ಗುವವರು ಇದ್ದೇ ಇರುತ್ತಾರೆ. ಇನ್ನೊಂದು ವಿಷಯ: ಹಂಪ್ಸ್ ಹತ್ತುವ ಹೊತ್ತಿಗೆ ಬ್ರೇಕ್ ಬಿಟ್ಟಿರಬೇಕು. ಬ್ರೇಕ್ ಒತ್ತಿದಾಗ ಮೂತಿ ತಗ್ಗುತ್ತದೆ, ಬಂಪರ್ ಒಡೆಯುವುದು ಆಗಲೇ.

ಎಷ್ಟೋ ಮನೆಗಳಲ್ಲಿ ಹಂಪ್ಸಿಗಿಂತ ಕಷ್ಟದ್ದು ಮನೆಯ ಗೇಟು. ರಸ್ತೆಯಿಂದ ಚರಂಡಿಯ ಹಾಸುಗಲ್ಲು ದಾಟಿ ಒಮ್ಮೆಲೇ ಅಂಗಳಕ್ಕೆ ಏರು. ಜೀಪಿಗೆ ಅದು ಗೊತ್ತೇ ಆಗಲ್ಲ, ಕೂಪೆಯ ಮೂತಿ ನೇರ ಕಲ್ಲಿಗೆ. ಒಂದು ಅಡಿ ಏರಿಗೆ ಹತ್ತು ಅಡಿ ಉದ್ದದ ಇಳಿಜಾರು ಬರುವಂತೆ ಜಂಬಿಟ್ಟಿಗೆ ತುಂಡು ತುಂಬಿಸಿ ಮೇಲೆ ಕಾಂಕ್ರೀಟ್ ಹಾಕಿಸಿ. ಮೇಲಿನ ತುದಿಯ ಮೂಲೆಯನ್ನು ಉರುಟಾಗಿಸಲು ಗಾರೆಯವರಿಗೆ ಮರೆಯದೆ ಹೇಳಿ, ಇಲ್ಲದಿದ್ದರೆ ಮೂತಿ ಉಳಿದು ಹೊಟ್ಟೆ ತಾಗುತ್ತದೆ. ಗಾಡಿಯ ಅಗಲ ಸುಮಾರು 1.85 ಮೀಟರ್, ಉಣುಗೋಲಿನ ಕಂಬಗಳ ನಡುವೆ ಕನ್ನಡಿ ಸಮೇತ ತೂರುತ್ತದೆಯೇ ಅಂತಲೂ ಅಳೆಯಿರಿ.

ಸಿಗಂದೂರಿಗೆ ಹೋಗುವವರಿಗೆ ಒಂದು ಸಿಹಿಸುದ್ದಿ. ಲಾಂಚ್ ಹತ್ತಿಸುವಾಗ ಆ ಕಬ್ಬಿಣದ ಹಲಗೆಯ ಮೇಲೆ ಇಂಥ ಗಾಡಿ ಏರಿಸುವುದು ಅಂದರೆ ಕಣ್ಣು ಮುಚ್ಚಿಕೊಳ್ಳುವಂತಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರಿನ ಮೇಲೆ ಎರಡು ಕಿಲೋಮೀಟರ್‌ಗೂ ಹೆಚ್ಚು ಸಪಾಟು ದಾರಿ.

ಹಂತ 3: ಮೃಗಶಿರಾ ಮಳೆಗೆ ಮುಂಚೆ ಟೈರು

370ಝಡ್ ಹಿಂದಿನ ಚಕ್ರದಿಂದ ತಳ್ಳಿಸಿಕೊಂಡು ಹೋಗುವ ಗಾಡಿ, ಶಕ್ತಿ 300 ಕುದುರೆಗೂ ಮೇಲೆ. ಮುಂದಿನ ಹಿಂದಿನ ಟೈರು ಬೇರೆ ಬೇರೆ ಅಳತೆ. 18 ಇಂಚಿನ ರಿಮ್ ಇದ್ದರೆ ಮುಂದೆ 225/50, ಹಿಂದೆ 245/45. 19 ಇಂಚಿನದಾದರೆ ಮುಂದೆ 245/40, ಹಿಂದೆ 275/35. ಹಾಗಾಗಿ ಹಿಂದಿನದನ್ನು ಮುಂದೆ ಹಾಕಿ ಆಯುಷ್ಯ ಎಳೆಯುವ ಉಪಾಯ ಇಲ್ಲಿ ನಡೆಯಲ್ಲ. ಹಿಂದಿನ ಟೈರು ಬೇಗ ಸವೆಯುತ್ತದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಟೈರಿನ ಹಲ್ಲಿನ ಆಳಕ್ಕೆ ಕಾನೂನಿನ ಮಿತಿ 1.6 ಎಂಎಂ. ಮಲೆನಾಡಿನ ಜಡಿಮಳೆಗೆ ಅದು ಸಾಲದು, ಮೇ ತಿಂಗಳಲ್ಲಿ 3 ಎಂಎಂಗಿಂತ ಕಡಿಮೆ ಇದ್ದರೆ ಬದಲಿಸಿ. ಜೂನ್ ಮೊದಲ ವಾರ ಮೃಗಶಿರಾ ಹಿಡಿಯುತ್ತದೆ, ಆರಿದ್ರೆ ಹೊತ್ತಿಗೆ ರಸ್ತೆಯ ಮೇಲೆ ನೀರು ನಿಲ್ಲುತ್ತದೆ. ಈ ಅಳತೆಯ ಟೈರು ಊರಿನ ಅಂಗಡಿಯಲ್ಲಿ ಸ್ಟಾಕ್ ಇರುವುದು ಅಪರೂಪ, ಬೆಂಗಳೂರಿನಿಂದ ತರಿಸಬೇಕು. ಹಾಗಾಗಿ ಏಪ್ರಿಲ್‌ನಲ್ಲೇ ಆರ್ಡರ್ ಕೊಡಿ. ಬಂದ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಓದಿ: 1425 ಅಂದರೆ 2025ರ 14ನೇ ವಾರ ತಯಾರಾದದ್ದು. ಗಾಳಿ ನಾಲ್ಕಕ್ಕೂ 35 ಪಿಎಸ್‌ಐ, ತಣ್ಣಗಿದ್ದಾಗ.

ಪಂಚರ್ ಅಂಗಡಿಯಲ್ಲಿ ಗಾಡಿಯ ಪಕ್ಕವೇ ನಿಂತಿರಿ. ಮಾಮೂಲಿ ಜಾಕ್ ಇದರ ಕೆಳಗೆ ತೂರುವುದಿಲ್ಲ. ಒಂದೂವರೆ ಇಂಚು ದಪ್ಪದ ಹಲಗೆ ಎರಡು ಇಟ್ಟುಕೊಂಡು, ಮೊದಲು ಆ ಬದಿಯ ಚಕ್ರಗಳನ್ನು ಹಲಗೆ ಮೇಲೆ ಹತ್ತಿಸಿ, ಆಮೇಲೆ ಜಾಕ್ ತೂರಿಸಿ. ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಲಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ 108 ನ್ಯೂಟನ್ ಮೀಟರ್. ನಟ್ ಬಿಗಿಸುವ ಗನ್ ಹಿಡಿದು ಬಂದ ಹುಡುಗನಿಗೆ ಸ್ವಲ್ಪ ತಾಳಪ್ಪಾ ಅನ್ನಿ.

ಹಂತ 4: ಘಟ್ಟ

ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಮೇಲೆ ತೀರ್ಥಹಳ್ಳಿಗೆ ತುಂಗೆಯ ಪಕ್ಕದಲ್ಲೇ ಹೋಗುವ ರಸ್ತೆ ಇದೆಯಲ್ಲ, ಈ ಗಾಡಿ ಇಟ್ಟುಕೊಂಡಿದ್ದಕ್ಕೆ ಸಿಗುವ ಬಹುಮಾನವೇ ಅದು. ಬೆಳಿಗ್ಗೆ ಹೋಗಿ. ರಾತ್ರಿ ಕಡವೆ, ಹಂದಿ, ಕಾಡುಕೋಣ ಅಡ್ಡ ಬರುತ್ತವೆ, ನೀವು ಕೂತಿರುವ ಎತ್ತರಕ್ಕೆ ಕಾಡುಕೋಣದ ಕಾಲು ಮಾತ್ರ ಕಾಣುತ್ತದೆ.

ಆಗುಂಬೆ ಘಾಟಿಯಲ್ಲಿ 14 ತಿರುವು. ಇಳಿಯುವಾಗ ಎರಡನೇ ಗೇರ್, ಅಗತ್ಯ ಬಿದ್ದರೆ ಒಂದು. ಆಟೋಮ್ಯಾಟಿಕ್ ಆದರೆ ಕೈಯಲ್ಲಿ ಗೇರ್ ಹಿಡಿದಿಡಿ. ಬಸ್ಸಿಗೆ ತಿರುವಿನ ಪೂರ್ತಿ ಅಗಲ ಬೇಕು, ನೀವು ಮೇಲೆಯೇ ನಿಂತು ಬಿಟ್ಟುಕೊಡಿ. ಮಳೆಗಾಲದಲ್ಲಿ ಧರೆ ಜರಿದು ಕೆಂಪು ಮಣ್ಣು ಟಾರಿನ ಮೇಲೆ ಹರಡಿದಾಗ ಬೆಣ್ಣೆ ಸವರಿದ ಹಾಗಿರುತ್ತದೆ. ಗಾಡಿ ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಆರಿಸುವ ಬಟನ್ ಮುಟ್ಟಲೇಬೇಡಿ. ಆಕ್ಸಿಲರೇಟರ್ ತಿರುವು ಮುಗಿದು ಸ್ಟೀರಿಂಗ್ ನೇರವಾದ ಮೇಲೆ. ಹುಲಿಕಲ್ ಘಾಟಿಯನ್ನು ಆಷಾಢದಲ್ಲಿ ಈ ಗಾಡಿಯಲ್ಲಿ ಹೋಗದಿರುವುದೇ ಒಳ್ಳೆಯದು ಅಂತ ನನ್ನ ಮಾತು.

ಹತ್ತುವಾಗ ಕಣ್ಣು ಆಯಿಲ್ ಬಿಸಿಯ ಮುಳ್ಳಿನ ಮೇಲಿರಲಿ. ಮೊದಲ ವರ್ಷಗಳ 370ಝಡ್‌ಗಳಲ್ಲಿ ಆಯಿಲ್ ಕೂಲರ್ ಇರಲಿಲ್ಲ, ಜೋರು ಮಾಡಿದರೆ ಆಯಿಲ್ ಬೇಗ ಕಾಯುತ್ತದೆ. 120 ಡಿಗ್ರಿ ದಾಟುತ್ತಿದ್ದರೆ ಗೇರ್ ಏರಿಸಿ ನಿಧಾನಕ್ಕೆ ಬನ್ನಿ. ಮಿತಿ ಮೀರಿದರೆ ಗಾಡಿಯೇ ತನ್ನ ವೇಗ ಕಡಿಮೆ ಮಾಡಿಕೊಳ್ಳುತ್ತದೆ.

ರಸ್ತೆಗೆ ಹಳ್ಳ ಹತ್ತಿದ್ದರೆ ಲೆಕ್ಕ ಸರಳ: ಎದುರು ಬರುವ ಬೈಕಿನ ಚಕ್ರ ನೋಡಿ, ನೀರು ಗೇಣಿಗಿಂತ ಹೆಚ್ಚಿದ್ದರೆ ವಾಪಸ್. ಹೊರಗಿನ ಕಂಪನಿಯ ಉದ್ದ ಪೈಪಿನ ಏರ್ ಇಂಟೇಕ್ ಹಾಕಿಸಿದ್ದರೆ ಅದರ ಫಿಲ್ಟರ್ ಬಂಪರಿನ ತಳದಲ್ಲಿ ಕೂತಿರುತ್ತದೆ. ಮಲೆನಾಡಿಗೆ ಅದು ಬೇಡವೇ ಬೇಡ, ಮೂಲದ್ದನ್ನೇ ಹಾಕಿಸಿ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಒಳಗೆ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ವಿಮೆ ಮಾಡಿಸುವಾಗ ಎಂಜಿನ್ ರಕ್ಷಣೆ ಸೇರಿಸಿಕೊಳ್ಳಿ.

ಹಂತ 5: ತೇವ, ಬೋರ್ಡೋ, ಇಲಿ

ಮಣ್ಣಿನ ನೆಲದ ಷೆಡ್ಡಾದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಗಾಡಿ ನಿಲ್ಲಿಸಿ, ನೆಲದಿಂದ ಏಳುವ ತೇವ ತಳಕ್ಕೆ ಹೊಡೆಯುವುದಿಲ್ಲ. ಕೊಟ್ಟಿಗೆಯ ಪಕ್ಕ ಬೇಡ, ಗಂಜಲದ ಅಮೋನಿಯಾ ತಾಮ್ರದ ವೈರಿಗೆ ಒಳ್ಳೆಯದಲ್ಲ. ಪ್ಲಾಸ್ಟಿಕ್ ಹೊದಿಕೆಯಂತೂ ಮುಚ್ಚಲೇಬೇಡಿ, ಒಳಗೆ ಆವಿ ಸಿಕ್ಕಿಕೊಳ್ಳುತ್ತದೆ. ಸೂರು ಇದ್ದರೆ ಹೊದಿಕೆಯೇ ಬೇಡ.

ಮನೆ ಇನ್ನೈದು ನಿಮಿಷ ಇದೆ ಅನ್ನುವಾಗ ಎಸಿ ಆರಿಸಿ ಫ್ಯಾನ್ ಮಾತ್ರ ಬಿಡಿ. ಒಳಗಿನ ಕಾಯಿಲ್ ಒಣಗುತ್ತದೆ, ಮುಗ್ಗಲು ವಾಸನೆ ಬರಲ್ಲ. ಒದ್ದೆ ಮ್ಯಾಟ್ ರಾತ್ರಿ ಒಲೆಯ ಹತ್ತಿರ ಒಣಗಲಿ. ಬಟ್ಟೆಯಲ್ಲಿ ಇದ್ದಿಲು ಕಟ್ಟಿ ಸೀಟಿನ ಹಿಂದೆ ಇಟ್ಟರೂ ಸ್ವಲ್ಪ ಅನುಕೂಲ. ಚರ್ಮದ ಸೀಟಿಗೆ ಬೂಷ್ಟು ಬಂದರೆ ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಒರೆಸಿ ಒಣಗಿಸಿ. ಕೊಬ್ಬರಿ ಎಣ್ಣೆ ಸವರಿದರೆ ಬೂಷ್ಟಿಗೆ ಇನ್ನಷ್ಟು ಊಟ. ಗಾಜಿನ ಬುಡದ ಸಂದಿಯಲ್ಲಿ ಸೇರುವ ಎಲೆ ವಾರಕ್ಕೊಮ್ಮೆ ತೆಗೆಯಿರಿ, ನೀರು ಹೋಗುವ ತೂತು ಅಲ್ಲೇ ಕಟ್ಟುವುದು.

ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ಬಿಡಬೇಡಿ, ಹಿಂದಿನ ಚಕ್ರದೊಳಗಿನ ಬ್ರೇಕ್ ಶೂ ಅಂಟಿಕೊಳ್ಳುತ್ತದೆ. ಗೇರ್‌ನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಬೆಳಿಗ್ಗೆ ಡಿಸ್ಕಿನ ಮೇಲೆ ಕೆಂಪು ಪುಡಿ ಕಂಡರೆ ಗಾಬರಿ ಬೇಡ. ಬೀದಿ ದಾಟುವಷ್ಟರಲ್ಲಿ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿದರೆ ಹೋಗುತ್ತದೆ. ದಿನಾ ಓಡುವ ಗಾಡಿಗೆ ಇದು ರೋಗವೇ ಅಲ್ಲ.

ತೋಟದ ಮನೆಯವರಿಗೆ ಮಾತ್ರ ಬರುವ ತೊಂದರೆ ಒಂದಿದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ದಿನ ಗಾಡಿ ಗಾಳಿಯ ಕೆಳದಿಕ್ಕಿಗೆ ಇದ್ದರೆ ಬಾನೆಟ್ ಮೇಲೆ ನೀಲಿ-ಬಿಳಿ ಚುಕ್ಕೆ ಬೀಳುತ್ತದೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಲ್ವಾ? ಸುಣ್ಣ ಬಣ್ಣವನ್ನು ಕಚ್ಚುತ್ತದೆ. ತಾಮ್ರ ಇನ್ನೂ ಕೆಟ್ಟದ್ದು, ಅಲ್ಯೂಮಿನಿಯಂ ಮೇಲೆ ಕೂತರೆ ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಈ ಗಾಡಿಯ ಬಾನೆಟ್, ಬಾಗಿಲು, ಹಿಂದಿನ ಮುಚ್ಚಳ ಅಲ್ಯೂಮಿನಿಯಂ, ರಿಮ್ ಕೂಡ. ಕಲ್ಲು ಬಡಿದು ಬಣ್ಣ ಎದ್ದಿರುವ ಜಾಗವೇ ಮೊದಲು ಹೋಗುವುದು. ಬಿದ್ದ ಕೂಡಲೇ ಬರೀ ನೀರು ಹರಿಸಿ, ಉಜ್ಜಬೇಡಿ. ಒಣಗಿಬಿಟ್ಟಿದ್ದರೆ ಒಂದು ಪಾಲು ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿದ ಬಟ್ಟೆಯನ್ನು ಚುಕ್ಕೆಯ ಮೇಲೆ ಒಂದೆರಡು ನಿಮಿಷ ಇಟ್ಟು, ಸುಣ್ಣ ಕರಗಿದ ಮೇಲೆ ಚೆನ್ನಾಗಿ ತೊಳೆಯಿರಿ. ಕೊನೆಗೆ ಒಂದು ಕೈ ವ್ಯಾಕ್ಸ್. ಔಷಧಿ ಹೊಡೆಯುವವರು ಯಾವತ್ತು ಬರುತ್ತಾರೆ ಅಂತ ಮೊದಲೇ ಕೇಳಿಕೊಂಡು ಗಾಡಿ ಪೇಟೆಯಲ್ಲಿ ಬಿಟ್ಟು ಬರುವುದು ಇನ್ನೂ ಸುಲಭ.

ಇಲಿಗೆ ನನಗೆ ತಿಳಿದ ಒಳ್ಳೆ ಉಪಾಯ, ರಾತ್ರಿ ಬಾನೆಟ್ ಎತ್ತಿಟ್ಟು ಒಂದು ಚಿಕ್ಕ ಬಲ್ಬ್ ಉರಿಸುವುದು. ಕತ್ತಲೆ, ಬೆಚ್ಚಗೆ ಎರಡೂ ಇಲ್ಲದಿದ್ದರೆ ಗೂಡು ಕಟ್ಟಲ್ಲ. ಜಪಾನಿನ ಹೋಂಡಾ ಕಂಪನಿ ಇಲಿ ಕಡಿಯದಿರಲಿ ಅಂತ ಖಾರ ಸೇರಿಸಿದ ಟೇಪನ್ನೇ ಮಾಡುತ್ತದೆ. ವೈರಿಗೆ ಸುತ್ತಿದರೆ ಆಯಿತು, ಯಾವ ಕಂಪನಿ ಗಾಡಿಗಾದರೂ ಸರಿ.

ಹಂತ 6: ಪೆಟ್ರೋಲ್

ಈ ಗಾಡಿ ಕೇಳುವುದು 95 ಆಕ್ಟೇನ್ ಪೆಟ್ರೋಲ್. ಈಗಿನ ಇ20 ಪೆಟ್ರೋಲಿನ ಆಕ್ಟೇನ್‌ಗೆ ಕೊರತೆಯಿಲ್ಲ. ತೊಂದರೆ ಅದರಲ್ಲಿರುವ ಶೇ 20 ಎಥನಾಲ್‌ದು. ಶೇ 10ರ ಲೆಕ್ಕದಲ್ಲಿ ಮಾಡಿದ ಗಾಡಿ ಇದು. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟುಕೊಂಡು ವಾರಗಟ್ಟಲೆ ನಿಲ್ಲಿಸಬೇಡಿ. ಓಡಿಸಿ ಮುಗಿಸಿ, ಹೊಸದು ಹಾಕಿಸಿ. ಇಂಧನದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವಿಸಿಗೂ ನೋಡಿಸಿ. ಪೇಟೆಯಲ್ಲಿ ಲೀಟರಿಗೆ ಏಳೆಂಟು ಕಿ.ಮೀ., ಬೆಂಗಳೂರು ದಾರಿಯಲ್ಲಿ ಹತ್ತು ಹನ್ನೊಂದು. ಅದಕ್ಕೆ ಬೇಜಾರು ಮಾಡಿಕೊಳ್ಳುವವರು ಇಲ್ಲಿವರೆಗೆ ಓದಿರಲಿಕ್ಕಿಲ್ಲ.

ಹಂತ 7: ಮೆಕ್ಯಾನಿಕ್ ಮತ್ತು ಕಪಾಟು

ದೊಡ್ಡ ಕೆಲಸ ಬೆಂಗಳೂರಿನಲ್ಲಿ, ಸಣ್ಣ ಕೆಲಸ ಊರಿನಲ್ಲಿ. ಆಯಿಲ್, ಬ್ರೇಕ್ ಪ್ಯಾಡ್, ಫಿಲ್ಟರ್, ಬುಷ್, ಇದಕ್ಕೆಲ್ಲ ನಮ್ಮ ಸಾಗರ ರಸ್ತೆಯ ಒಳ್ಳೆ ಗ್ಯಾರೇಜಿನವರೇ ಸಾಕು. ಅವರಿಗೆ ಬೇಕಾದದ್ದು ಧೈರ್ಯ ಅಲ್ಲ, ಮಾಹಿತಿ. ಸರ್ವಿಸ್ ಮ್ಯಾನ್ಯುಯಲ್‌ನ ಆ ಪುಟ ಪ್ರಿಂಟ್ ತೆಗೆದು ಕೊಡಿ. ಆಯಿಲ್ 5ಡಬ್ಲ್ಯು-30, ಫಿಲ್ಟರ್ ಸೇರಿ ಐದು ಲೀಟರ್ ಹತ್ತಿರ. ಏರ್ ಫಿಲ್ಟರ್ ಎರಡು ಇರುತ್ತವೆ, ಒಂದನ್ನು ಮಾತ್ರ ಬದಲಿಸಿ ಮುಗಿಯಿತು ಅನ್ನುವವರಿದ್ದಾರೆ.

ಕೊಳ್ಳುವಾಗಲೇ ಮೂರು ಜಾಗ ನೋಡಿಸಿ. ಮ್ಯಾನುಯಲ್ ಗೇರ್ ಆದರೆ ಗೇರ್‌ಬಾಕ್ಸ್ ಒಳಗಿರುವ ಕ್ಲಚ್ ಸ್ಲೇವ್ ಸಿಲಿಂಡರ್, ಹೋದರೆ ಪೆಡಲ್ ಕೆಳಗೇ ಉಳಿಯುತ್ತದೆ. ಟೈಮಿಂಗ್ ಕವರ್ ಹಿಂದಿನ ಆಯಿಲ್ ಗ್ಯಾಲರಿ ಗ್ಯಾಸ್ಕೆಟ್, ಮೊದಲ ವರ್ಷಗಳ ಗಾಡಿಗಳಲ್ಲಿ ಇದು ಹರಿದು, ಬಿಸಿಯಾದಾಗ ಆಯಿಲ್ ಒತ್ತಡ ಬೀಳುತ್ತದೆ. ಮೂರನೆಯದು ಎಲೆಕ್ಟ್ರಾನಿಕ್ ಸ್ಟೀರಿಂಗ್ ಲಾಕ್, ಕೆಟ್ಟರೆ ಗಾಡಿ ಸ್ಟಾರ್ಟೇ ಆಗಲ್ಲ. ಈ ಮೂರರ ಕೆಲಸ ಆಗಿದೆ ಅನ್ನುವ ಬಿಲ್ ಇದ್ದರೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ಅಡ್ಡಿಯಿಲ್ಲ.

ಬಿಡಿಭಾಗ ಬೇಕಾದಾಗ ಹುಡುಕಿದರೆ ಗಾಡಿ ತಿಂಗಳುಗಟ್ಟಲೆ ಜಾಕ್ ಮೇಲೆ ನಿಲ್ಲುತ್ತದೆ. ಮನೆಯಲ್ಲಿ ಒಂದು ಕಪಾಟು ಇರಲಿ: ಎರಡು ಸರ್ವಿಸಿಗಾಗುವಷ್ಟು ಫಿಲ್ಟರ್, ಒಂದು ಸೆಟ್ ಪ್ಯಾಡ್, ಬೆಲ್ಟ್, ವೈಪರ್, ಸ್ಲೇವ್ ಸಿಲಿಂಡರ್. ಗಲ್ಫ್ ದೇಶಗಳಲ್ಲಿ ಈ ಗಾಡಿ ಬಹಳ ಓಡಿದೆ, ದುಬೈಯಲ್ಲಿರುವ ನೆಂಟರು ರಜೆಗೆ ಬರುವಾಗ ಸಣ್ಣ ಸಾಮಾನು ಹೇಳಿ ತರಿಸಿಕೊಳ್ಳಬಹುದು. ಪಾರ್ಟ್ ನಂಬರ್ ಬರೆದುಕೊಡಿ, ಬರೀ ಹೆಸರು ಹೇಳಿದರೆ ಬೇರೆಯದೇ ಬರುತ್ತದೆ.

ಜಪಾನಿನಿಂದಲೇ ಬಂದ ಗಾಡಿಯಾದರೆ ರೇಡಿಯೋ ಬಗ್ಗೆ ಆಸೆ ಬೇಡ. ಅಲ್ಲಿನ ಎಫ್‌ಎಂ 76ರಿಂದ ಶುರುವಾಗಿ 90–95ರ ಒಳಗೆ ಮುಗಿಯುತ್ತದೆ, ನಮ್ಮದು 88ರಿಂದ 108. ಭದ್ರಾವತಿ ಆಕಾಶವಾಣಿ ಕೇಳಬೇಕೆಂದರೆ ಬೇರೆ ಸೆಟ್ ಹಾಕಿಸಬೇಕು.

ಇನ್ನು, ದಾರಿಯಲ್ಲಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ, ಹಿಂದಿನ ಚಕ್ರ ನೆಲದ ಮೇಲೆ ಉರುಳಿದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೋಗುತ್ತದೆ. ಪೂರ್ತಿ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ಶಿವಮೊಗ್ಗ, ತೀರ್ಥಹಳ್ಳಿ, ಉಡುಪಿ ಮೂರೂ ಕಡೆಯ ಒಬ್ಬೊಬ್ಬರ ನಂಬರ್ ಕಾಗದದ ಮೇಲೆ ಬರೆದು ಗ್ಲೋವ್ ಬಾಕ್ಸಿನಲ್ಲಿಡಿ, ಘಟ್ಟದಲ್ಲಿ ನೆಟ್‌ವರ್ಕ್ ಬಂದಾಗ ಮಾತಾಡಲು ಸಿಗುವುದು ಒಂದೇ ನಿಮಿಷ. ಎಳೆಯುವ ಕೊಕ್ಕೆ ಬಂಪರಿನ ಸಣ್ಣ ಮುಚ್ಚಳದ ಹಿಂದೆ ತಿರುಪಿ ಹಾಕುವಂಥದ್ದು. ಅದು ಟೂಲ್ ಚೀಲದಲ್ಲಿ ಇದೆಯೇ, ಹಿಂದಿನ ಮಾಲೀಕರ ಮನೆಯಲ್ಲೇ ಉಳಿದಿದೆಯೇ ಅಂತ ಇವತ್ತೇ ತೆಗೆದು ನೋಡಿ.